ಋತುನಿವೃತ್ತಿಯ ಕಾಲದ ರಾತ್ರಿಬೆವರು ಮತ್ತು ಅದರ ಉಪಶಮನ

ಬೆಂಗಳೂರಿನ ಪೂರ್ವಭಾಗದಲ್ಲಿ, ಮಾರತ್ತಹಳ್ಳಿ ಮತ್ತು ಮಹದೇವಪುರಗಳ ನೆರೆಯಲ್ಲಿರುವ ದೊಡ್ಡನೆಕ್ಕುಂದಿಯು ಹಿಂದೆ ಕೆರೆಯನ್ನೂ ಹೊಲಗದ್ದೆಗಳನ್ನೂ ನೆಚ್ಚಿಕೊಂಡಿದ್ದ ಗ್ರಾಮ. ಕೆರೆ ಈಗಲೂ ಇದೆ. ಹೊಲಗಳಿದ್ದೆಡೆ ಕೈಗಾರಿಕಾ ಪ್ರದೇಶವೂ ಹೊರವರ್ತುಲ ರಸ್ತೆಯೂ ಕಚೇರಿಗಳ ಎತ್ತರದ ಕಟ್ಟಡಗಳೂ ಬಂದಿವೆ. ಇಂತಹ ಪ್ರದೇಶದಲ್ಲಿ ನಲವತ್ತೈದು ದಾಟಿದ ಸ್ತ್ರೀಯರನ್ನು ಗಮನಿಸಿದರೆ ಅವರ ಬದುಕು ಬಹು ಬಗೆಯದೆಂದು ತೋರುತ್ತದೆ. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ದುಡಿಯುವವರು, ಕಚೇರಿಗಳನ್ನು ಗುಡಿಸಿ ಒರೆಸುವವರು, ಪರರ ಮನೆಗಳಲ್ಲಿ ಅಡುಗೆ ಮಾಡುವವರು, ಗಣಕಯಂತ್ರದ ಮುಂದೆ ಕುಳಿತು ಸಂಬಳ ಪಡೆಯುವವರು, ಹಳೆಯ ಒಕ್ಕಲು ಮನೆತನಗಳ ಗೃಹಿಣಿಯರು, ಹೀಗೆ. ಇವರೆಲ್ಲರಿಗೂ ಸಮಾನವಾಗಿ ಒದಗುವ ಒಂದು ತೊಂದರೆಯುಂಟು. ನಡುರಾತ್ರಿಯಲ್ಲಿ ಮೈ ಕಾದು, ಎದೆ ಕುತ್ತಿಗೆಗಳು ಬೆವರಿ, ಉಟ್ಟ ಬಟ್ಟೆ ತೊಯ್ದು ಎಚ್ಚರವಾಗುವುದೇ ಆ ತೊಂದರೆ. ಅದು ಏಕೆ ಬರುತ್ತದೆ, ಅದನ್ನು ತಗ್ಗಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ನಾವು ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಹೆಸರಿಲ್ಲದ ತೊಂದರೆ

ಮುಟ್ಟು ನಿಲ್ಲುವುದು ಶಾಸ್ತ್ರಕ್ಕೆ ಹೊಸ ವಿಷಯವಲ್ಲ. ರಜಸ್ಸು ಹನ್ನೆರಡನೆಯ ವಯಸ್ಸಿಗೆ ತೊಡಗಿ ಐವತ್ತರ ಹೊತ್ತಿಗೆ ನಿಲ್ಲುವುದೆಂದು ಸುಶ್ರುತಸಂಹಿತೆಯಲ್ಲಿ ಹೇಳಿದೆ. ಒಂದು ವರ್ಷದವರೆಗೆ ಮುಟ್ಟು ಕಾಣದಿದ್ದರೆ ಋತುನಿವೃತ್ತಿಯಾಯಿತೆಂದು ಇಂದಿನ ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸಾಮಾನ್ಯವಾಗಿ 51ನೆಯ ವಯಸ್ಸಿನ ಸುಮಾರಿಗೆ ಸಂಭವಿಸಿದರೆ, ಭಾರತದಲ್ಲಿ ನಾಲ್ಕೈದು ವರ್ಷ ಮೊದಲೇ, ಅಂದರೆ 46-47ರ ಸುಮಾರಿಗೆ, ಸಂಭವಿಸುತ್ತದೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ನಲವತ್ತಕ್ಕೆ ಮುಂಚೆಯೇ ಮುಟ್ಟು ನಿಲ್ಲುವುದು ನಮ್ಮ ದೇಶದಲ್ಲಿ ವಿರಳವಲ್ಲವೆಂದು ತೋರಿಸಿಕೊಟ್ಟರು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗಾದರೋ ಈ ಸ್ಥಿತಿ ಕೆಲವೇ ದಿನಗಳಲ್ಲಿ ಬಂದೊದಗುತ್ತದೆ; ಅವರ ಬೆವರೂ ತೀವ್ರವಾಗಿರುತ್ತದೆ.

ಹೀಗಿದ್ದರೂ ಈ ರಾತ್ರಿಬೆವರಿಗೆ ನಮ್ಮ ಮನೆಮಾತಿನಲ್ಲಿ ನೆಲೆನಿಂತ ಹೆಸರೊಂದಿಲ್ಲ. ‘ಉಷ್ಣವಾಗಿದೆ’, ‘ಸೆಕೆ’, ‘ಕೆಲಸದ ಆಯಾಸ’ ಎಂಬ ಮಾತುಗಳಲ್ಲಿಯೇ ಅದು ಅಡಗಿಹೋಗುತ್ತದೆ. ಬೆಂಗಳೂರಿನ ಬೇಸಗೆ ಬಿಸಿಯೇರಿರುವುದೂ ನಿಜ. 2016ರ ಏಪ್ರಿಲ್ ತಿಂಗಳಿನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಆದಕಾರಣ ಬೆವರಿದವಳು ಹವೆಯನ್ನು ದೂರುತ್ತಾಳೆ. ಮನೆಯವರೂ ಅದನ್ನೇ ನಂಬುತ್ತಾರೆ. ತೊಂದರೆಗೆ ಸರಿಯಾದ ಹೆಸರು ದೊರೆಯದಿರುವುದೇ ಉಪಶಮನಕ್ಕೆ ಮೊದಲನೆಯ ಅಡ್ಡಿಯೆಂಬುದು ನಮ್ಮ ಅಭಿಪ್ರಾಯ.

ಕೋಣೆಯ ಸೆಕೆಯ ಬೆವರನ್ನೂ ಋತುನಿವೃತ್ತಿಯ ಬೆವರನ್ನೂ ಬೇರ್ಪಡಿಸಿ ತಿಳಿಯುವುದು ಕಷ್ಟವಲ್ಲ. ಸೆಕೆಯಾದರೆ ಕೋಣೆಯಲ್ಲಿ ಮಲಗಿದ ಎಲ್ಲರೂ ಬೆವರುತ್ತಾರೆ. ಬೆವರು ಮೆಲ್ಲನೆ ಬಂದು ಬಹಳ ಹೊತ್ತು ಇರುತ್ತದೆ. ಋತುನಿವೃತ್ತಿಯದು ಹಠಾತ್ತಾಗಿ ಬರುತ್ತದೆ. ಎದೆಯಿಂದ ಮುಖದ ಕಡೆಗೆ ಬಿಸಿಯೇರುತ್ತದೆ, ಹೃದಯ ಬೇಗ ಬಡಿಯುತ್ತದೆ, ಕೆಲವು ನಿಮಿಷಗಳಲ್ಲಿ ಎಲ್ಲವೂ ಇಳಿದು ಕೊನೆಗೆ ಚಳಿಯಾಗುತ್ತದೆ. ಪುಷ್ಯಮಾಸದ ಚಳಿಯಲ್ಲಿಯೂ ಹೀಗಾಗುತ್ತಿದ್ದರೆ ಹವೆಯನ್ನು ದೂರಿ ಫಲವಿಲ್ಲ.

ಬೆವರಿನ ಮೂಲ

ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವು ದೇಹದ ಶಾಖವನ್ನು ಕಾಯುವ ಕಾವಲುಗಾರನಂತಿದೆ. ಶಾಖವು ಒಂದು ಮಿತಿಯನ್ನು ಮೀರಿದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಇನ್ನೊಂದು ಮಿತಿಗಿಂತ ಇಳಿದರೆ ನಡುಕವನ್ನುಂಟುಮಾಡುತ್ತದೆ. ಈ ಎರಡು ಮಿತಿಗಳ ನಡುವೆ ಬೆವರೂ ಇಲ್ಲದ ನಡುಕವೂ ಇಲ್ಲದ ನೆಮ್ಮದಿಯ ಅಂತರವೊಂದಿದೆ. ಅಮೆರಿಕದ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯದ ರಾಬರ್ಟ್ ಫ್ರೀಡ್‌ಮನ್ ಎಂಬವರು ಈ ಅಂತರವನ್ನು ಅಳೆದು ನೋಡಿದರು. ಋತುನಿವೃತ್ತಿಯಾಗಿಯೂ ಬೆವರಿನ ತೊಂದರೆಯಿಲ್ಲದ ಸ್ತ್ರೀಯರಲ್ಲಿ ಅದು ಸುಮಾರು 0.4 ಡಿಗ್ರಿ ಸೆಲ್ಸಿಯಸ್ ಇದ್ದರೆ, ತೊಂದರೆಯುಳ್ಳವರಲ್ಲಿ ಇಲ್ಲವೆಂಬಷ್ಟು ಕಿರಿದಾಗಿತ್ತು. ಹೀಗಾದಾಗ ಹೊದಿಕೆಯೊಂದನ್ನು ಎಳೆದುಕೊಂಡರೆ ಏರುವ ಅತ್ಯಲ್ಪ ಶಾಖವೂ ಬೆವರಿಗೆ ಕಾರಣವಾಗುತ್ತದೆ. ಬೆವರು ಆರಿ ಮೈ ತಣ್ಣಗಾದೊಡನೆ ನಡುಕ ಬರುತ್ತದೆ.

ಈ ಅಂತರ ಕಿರಿದಾಗಲು ಕಾರಣವೇನು? ಅಂಡಾಶಯದಲ್ಲಿ ಉತ್ಪತ್ತಿಯಾಗುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಹೈಪೊಥಲಾಮಸ್ಸಿನ ಕೆಲವು ನರಕೋಶಗಳನ್ನು ಅಂಕೆಯಲ್ಲಿಟ್ಟಿರುತ್ತದೆ. ಅದು ಕಡಮೆಯಾದಾಗ ಆ ಕೋಶಗಳು ಉಬ್ಬಿ ಹೆಚ್ಚು ಚುರುಕಾಗುತ್ತವೆಂಬುದನ್ನು ಅರಿಜೋನ ವಿಶ್ವವಿದ್ಯಾನಿಲಯದ ನವೋಮಿ ರಾನ್ಸ್ ಎಂಬ ವಿದುಷಿ ಗುರುತಿಸಿದರು. ಆ ಕೋಶಗಳು ಹೊರಬಿಡುವ ನ್ಯೂರೊಕೈನಿನ್-ಬಿ ಎಂಬ ವಸ್ತುವನ್ನು ಸ್ತ್ರೀಯರ ರಕ್ತಕ್ಕೆ ಸೇರಿಸಿದಾಗ ಇಂತಹದೇ ಬಿಸಿಯೇರಿಕೆ ಉಂಟಾಗುವುದನ್ನು ಲಂಡನ್ನಿನ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಈ ಬೆವರು ಮನಸ್ಸಿನ ಭ್ರಮೆಯೂ ಅಲ್ಲ, ವಯಸ್ಸಾದವಳ ಗೊಣಗಾಟವೂ ಅಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

‘ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ’ ಎಂಬ ಸಮಾಧಾನದ ಮಾತೂ ಪೂರ್ಣ ಸತ್ಯವಲ್ಲ. ಅಮೆರಿಕದಲ್ಲಿ 1996ರಿಂದ ಹಲವು ಜನಾಂಗಗಳ ಸ್ತ್ರೀಯರನ್ನು ಅನುಸರಿಸಿ ನಡೆದ ದೀರ್ಘಕಾಲದ ಅಧ್ಯಯನವೊಂದರಲ್ಲಿ, ಪದೇಪದೇ ಬಿಸಿಯೇರಿಕೆಯಿಂದ ಬಳಲುವವರಲ್ಲಿ ಅದರ ಮಧ್ಯಮಾವಧಿ 7.4 ವರ್ಷಗಳೆಂದು ಕಂಡುಬಂದಿತು. ಏಳು ವರ್ಷಗಳ ಕಾಲ ನಿದ್ರೆಗೆಟ್ಟು ಮುಂಜಾನೆ ಎದ್ದು, ಬುತ್ತಿ ಕಟ್ಟಿ, ಪಾಳಿಗೆ ಹೊರಡುವವಳ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ನಿದ್ರೆ ಕೆಟ್ಟರೆ ಸಿಡುಕು, ಮರೆವು, ಸಂಧಿನೋವುಗಳು ಹೆಚ್ಚುತ್ತವೆ. ಯಂತ್ರದ ಮುಂದೆ ಕೈ ತಪ್ಪುವ ಭಯವೂ ಉಂಟು.

ಕೋಣೆ ಮತ್ತು ಹಾಸಿಗೆ

ಬೆವರನ್ನು ಹವೆ ಹುಟ್ಟಿಸುವುದಿಲ್ಲವಾದರೂ ಅದನ್ನು ಹೆಚ್ಚಿಸಬಲ್ಲದು. ತಂಪಾದ ಕೋಣೆಯಲ್ಲಿ ಬಿಸಿಯೇರಿಕೆಗಳ ಸಂಖ್ಯೆಯೂ ತೀವ್ರತೆಯೂ ಕಡಮೆಯೆಂದು 1992ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಅಂತರ ಕಿರಿದಾದ ದೇಹಕ್ಕೆ ಸುತ್ತಲಿನ ತಂಪು ಆಧಾರವಾಗುವುದು ಸಹಜವೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಬೇಸಗೆಯ ಇರುಳೂ ಹೊರಗೆ ತಂಪಾಗುತ್ತದೆ. ಆದರೆ ಹಗಲೆಲ್ಲ ಕಾದ ಕಾಂಕ್ರೀಟು ಚಾವಣಿ ರಾತ್ರಿಯಲ್ಲಿ ಆ ಶಾಖವನ್ನು ಒಳಗೆ ಬಿಡುತ್ತದೆ. ಶೀಟು ಹೊದಿಸಿದ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಕಳ್ಳರ ಭಯಕ್ಕೂ ಸೊಳ್ಳೆಯ ಕಾಟಕ್ಕೂ ಕಿಟಕಿ ಮುಚ್ಚಿದರೆ ಹೊರಗಿನ ತಂಪು ಒಳಗೆ ಬಾರದು. ಆದ್ದರಿಂದ ಕಿಟಕಿಗೆ ಸೊಳ್ಳೆಜಾಲರಿ ಹಾಕಿಸುವುದು, ಚಾವಣಿಯ ಮೇಲ್ಭಾಗಕ್ಕೆ ಬೇಸಗೆಗೆ ಮುನ್ನ ಬಿಳಿಯ ಸುಣ್ಣ ಬಳಿಯುವುದು, ಸಂಜೆಯ ಅಡುಗೆಯನ್ನು ಮಲಗುವುದಕ್ಕೆ ಬಹಳ ಮೊದಲೇ ಮುಗಿಸುವುದು, ಇವು ಹೆಚ್ಚು ವೆಚ್ಚವಿಲ್ಲದ ಉಪಾಯಗಳು.

ಹಾಸಿಗೆಯ ವಿಷಯದಲ್ಲಿ ಮುಖ್ಯವಾದುದು ಬಟ್ಟೆ. ನುಣುಪಾದ ಪಾಲಿಯೆಸ್ಟರ್ ನೈಟಿಯೂ ಹೊದಿಕೆಯೂ ಬೆವರನ್ನು ಹೀರುವುದಿಲ್ಲ. ಒಗೆದು ಮೆದುವಾದ ಹಳೆಯ ನೂಲಿನ ಸೀರೆ ಹಾಸಲೂ ಹೊದೆಯಲೂ ಉತ್ತಮ. ದಪ್ಪನೆಯ ಒಂದು ರಗ್ಗಿಗೆ ಬದಲಾಗಿ ತೆಳುವಾದ ಎರಡು ಹೊದಿಕೆಗಳಿರಲಿ; ಬಿಸಿಯೇರಿದಾಗ ಒಂದನ್ನು ಸರಿಸಿ, ಚಳಿಯಾದಾಗ ಎಳೆದುಕೊಳ್ಳಬಹುದು. ತಲೆದೆಸೆಯಲ್ಲಿ ಒಂದು ಚೊಂಬು ನೀರು, ಒದ್ದೆ ಬಟ್ಟೆ, ಬದಲಿಸಲು ಒಣಗಿದ ರವಿಕೆ ಇದ್ದರೆ ದೀಪ ಹಾಕಿ ಎಲ್ಲರನ್ನೂ ಎಬ್ಬಿಸಬೇಕಾಗಿಲ್ಲ. ಫ್ಯಾನಿನ ಗಾಳಿ ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎಂಬ ಜಗಳ ಅನೇಕ ಮನೆಗಳಲ್ಲಿ ಉಂಟು. ಕಾರಣವನ್ನು ಮನೆಯವರಿಗೆ ತಿಳಿಸಿ ಹೇಳಿದರೆ ಅದರ ಅರ್ಧ ಪರಿಹಾರವಾದಂತೆಯೇ. ರಾತ್ರಿ ಬಹಳ ಖಾರದ ಊಟ, ಮಲಗುವ ಮುನ್ನ ಬಿಸಿ ಕಾಫಿ, ಮದ್ಯ ಇವು ಕೆಲವರಲ್ಲಿ ಬೆವರನ್ನು ಕೆರಳಿಸುತ್ತವೆ, ಎಲ್ಲರಲ್ಲಿಯೂ ಅಲ್ಲ. ಹದಿನೈದು ದಿನ ಬಿಟ್ಟು ನೋಡಿ, ಗುಣ ಕಂಡರೆ ಮುಂದುವರಿಸಬಹುದು. ಈ ಉಪಾಯಗಳಿಗೆ ಪ್ರಯೋಗಗಳ ಬಲವಾದ ಆಧಾರವಿಲ್ಲವೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಇವುಗಳಿಂದ ಹಾನಿಯಿಲ್ಲ.

ಯೋಗಾಭ್ಯಾಸ ಮತ್ತು ಮನಸ್ಸಿನ ಚಿಕಿತ್ಸೆ

ಯೋಗವನ್ನು ಕುರಿತು ನಮ್ಮ ನಗರದಲ್ಲಿಯೇ ಒಂದು ಪ್ರಯೋಗ ನಡೆದಿದೆ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 40ರಿಂದ 55 ವಯಸ್ಸಿನ 120 ಸ್ತ್ರೀಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ಸರಳ ವ್ಯಾಯಾಮವನ್ನೂ ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ದಿನ, ಎಂಟು ವಾರಗಳ ಕಾಲ ಮಾಡಿಸಿದರು. ಯೋಗದ ಗುಂಪಿನಲ್ಲಿ ಬಿಸಿಯೇರಿಕೆ ಮತ್ತು ಬೆವರಿನ ತೊಂದರೆ ಹೆಚ್ಚು ತಗ್ಗಿತೆಂದು 2008ರಲ್ಲಿ ಪ್ರಕಟಿಸಿದರು. ಆದರೆ 2014ರಲ್ಲಿ ಪ್ರಕಟವಾದ, 249 ಸ್ತ್ರೀಯರನ್ನೊಳಗೊಂಡ ಅಮೆರಿಕದ ಪ್ರಯೋಗದಲ್ಲಿ ಬಿಸಿಯೇರಿಕೆಗಳ ಸಂಖ್ಯೆ ಯೋಗದಿಂದ ಕಡಮೆಯಾಗಲಿಲ್ಲ. ನಿದ್ರೆ ಮಾತ್ರ ಸುಧಾರಿಸಿತು. ಎರಡನ್ನೂ ತೂಗಿ ನೋಡಿದರೆ, ಯೋಗದಿಂದ ಬೆವರು ನಿಲ್ಲುವುದೆಂಬ ಭರವಸೆ ಕೊಡಲಾಗದು, ನಿದ್ರೆಗೆ ಅದು ಸಹಾಯಕ ಎಂದಷ್ಟೇ ಹೇಳುವುದು ನ್ಯಾಯ. ಬಿಸಿಯೇರಿದಾಗ ಹುಟ್ಟುವ ಗಾಬರಿಯನ್ನೂ, ನಿದ್ರೆ ಬಾರದೆಂಬ ಚಿಂತೆಯನ್ನೂ ತಿದ್ದಿಕೊಳ್ಳಲು ಕಲಿಸುವ ಮನಶ್ಶಾಸ್ತ್ರದ ಚಿಕಿತ್ಸೆಯೊಂದನ್ನು ಲಂಡನ್ನಿನ ಮೈರಾ ಹಂಟರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ್ದಾರೆ. ಅದರಿಂದ ಬೆವರಿನ ಬಾಧೆ ಕಡಮೆಯಾಗುವುದೆಂದು ಪ್ರಯೋಗಗಳಲ್ಲಿ ಸಿದ್ಧವಾಗಿದೆ.

ಔಷಧಿಗಳ ವಿಚಾರ

ಇದುವರೆಗೆ ತಿಳಿದ ಔಷಧಿಗಳಲ್ಲಿ ಈಸ್ಟ್ರೊಜೆನ್ ಅತ್ಯಂತ ಪರಿಣಾಮಕಾರಿ. 2004ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹುಸಿಮಾತ್ರೆ ಪಡೆದವರಿಗಿಂತ ಈಸ್ಟ್ರೊಜೆನ್ ಪಡೆದವರಲ್ಲಿ ಬಿಸಿಯೇರಿಕೆಗಳು ಶೇಕಡಾ 75ರಷ್ಟು ಕಡಮೆಯಾಗಿದ್ದುವು. ಹುಸಿಮಾತ್ರೆ ನುಂಗಿದವರಲ್ಲಿಯೂ ತೊಂದರೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತೆಂಬುದು ಗಮನಾರ್ಹ. ನೆರೆಮನೆಯಾಕೆಗೆ ಗುಣವಾಯಿತೆಂಬ ಕಾರಣಕ್ಕೆ ಜಾಹೀರಾತಿನ ಪುಡಿ ಲೇಹ್ಯಗಳಿಗೆ ಹಣ ಸುರಿಯಬಾರದೆಂಬುದಕ್ಕೆ ಇದೇ ಕಾರಣ.

ಅಮೆರಿಕದಲ್ಲಿ 16,608 ಸ್ತ್ರೀಯರ ಮೇಲೆ ನಡೆಯುತ್ತಿದ್ದ ಹಾರ್ಮೋನು ಪ್ರಯೋಗವನ್ನು 2002ರ ಜುಲೈ ತಿಂಗಳಿನಲ್ಲಿ ನಿಲ್ಲಿಸಿದ ಮೇಲೆ ಲೋಕದಾದ್ಯಂತ ಈ ಚಿಕಿತ್ಸೆಯ ಬಗ್ಗೆ ಭೀತಿ ಹರಡಿತು. ಹತ್ತು ಸಾವಿರ ಸ್ತ್ರೀಯರಲ್ಲಿ ವರ್ಷಕ್ಕೆ ಎಂಟು ಮಂದಿಗೆ ಹೆಚ್ಚಾಗಿ ಸ್ತನದ ಕ್ಯಾನ್ಸರ್ ಕಂಡುಬಂದದ್ದು ನಿಜ. ಆದರೆ ಅವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಋತುನಿವೃತ್ತಿಯಾಗಿ ಹತ್ತು ವರ್ಷ ಕಳೆಯದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಕೆಡುಕಿಗಿಂತ ಒಳಿತೇ ಹೆಚ್ಚೆಂದು ಈಗ ವೈದ್ಯಸಂಘಗಳು ಅಭಿಪ್ರಾಯಪಡುತ್ತವೆ. ಸ್ತನದ ಕ್ಯಾನ್ಸರ್, ರಕ್ತನಾಳದಲ್ಲಿ ಹೆಪ್ಪು, ಪಾರ್ಶ್ವವಾಯು, ಯಕೃತ್ತಿನ ರೋಗ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಗರ್ಭಕೋಶವಿರುವವರು ಇದರೊಡನೆ ಪ್ರೊಜೆಸ್ಟಿರೋನ್ ವರ್ಗದ ಔಷಧಿಯನ್ನೂ ಪಡೆಯಲೇಬೇಕು. ಹಾರ್ಮೋನು ಸಲ್ಲದವರಿಗೆ ಗ್ಯಾಬಪೆಂಟಿನ್, ವೆನ್ಲಾಫಾಕ್ಸಿನ್ ಮೊದಲಾದ ಬೇರೆ ಔಷಧಿಗಳಿವೆ. ಮೇಲೆ ಹೇಳಿದ ನ್ಯೂರೊಕೈನಿನ್-ಬಿಯ ಕೆಲಸವನ್ನೇ ತಡೆಯುವ ಫೆಜೊಲಿನೆಟಾಂಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರ ಮೇ ತಿಂಗಳಿನಲ್ಲಿ ಅನುಮತಿ ದೊರೆಯಿತು; ಅದನ್ನು ನುಂಗುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಇವಾವುದನ್ನೂ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗತಕ್ಕದ್ದಲ್ಲ.

ಎಲ್ಲ ರಾತ್ರಿಬೆವರೂ ಋತುನಿವೃತ್ತಿಯದಲ್ಲವೆಂಬ ಎಚ್ಚರವೂ ಅಗತ್ಯ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇವು ಬೆವರಿನೊಡನೆ ಸೇರಿದ್ದರೆ ಕ್ಷಯವನ್ನು ಶಂಕಿಸಬೇಕು. ಥೈರಾಯ್ಡ್ ಗ್ರಂಥಿಯ ಅತಿಯಾದ ಕೆಲಸ, ಸಕ್ಕರೆಕಾಯಿಲೆಯ ಔಷಧಿಯಿಂದ ರಾತ್ರಿ ಸಕ್ಕರೆಯ ಅಂಶ ಇಳಿಯುವುದು, ಇವೂ ಬೆವರಿಸುತ್ತವೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ವೈದ್ಯರನ್ನು ಕಾಣಬೇಕು.

ಮುಗಿಸುವ ಮುನ್ನ ಒಂದು ಮಾತು. 2025ರ ಅಕ್ಟೋಬರ್ ತಿಂಗಳಿನಲ್ಲಿ ಕರ್ನಾಟಕದ ಸಚಿವ ಸಂಪುಟವು ದುಡಿಯುವ ಸ್ತ್ರೀಯರಿಗೆ ತಿಂಗಳಿಗೊಂದು ದಿನದ ಋತುಚಕ್ರ ರಜೆಯನ್ನು ಒಪ್ಪಿತು. ಮುಟ್ಟಿನ ವಿಷಯವನ್ನು ಕಾರ್ಖಾನೆ ಕಚೇರಿಗಳಲ್ಲಿ ಬಾಯಿಬಿಟ್ಟು ಹೇಳಬಹುದೆಂಬ ಧೈರ್ಯ ಅದರಿಂದ ಬಂದಿದ್ದರೆ, ಮುಟ್ಟು ನಿಲ್ಲುವ ಕಾಲದ ತೊಂದರೆಗೂ ಆ ಧೈರ್ಯ ವಿಸ್ತರಿಸಬೇಕು. ದುಡಿಯುವ ಸ್ಥಳದಲ್ಲಿ ಕೈಗೆಟುಕುವ ಕುಡಿಯುವ ನೀರು, ಗಾಳಿಯಾಡುವ ಜಾಗ, ರಾತ್ರಿಪಾಳಿಯಿಂದ ಬೇಕೆಂದಾಗ ಬಿಡುವು, ಇವು ದೊಡ್ಡ ಬೇಡಿಕೆಗಳಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಇ.ಎಸ್.ಐ. ಔಷಧಾಲಯದಲ್ಲಾಗಲಿ, ರಕ್ತದೊತ್ತಡಕ್ಕೋ ಮಂಡಿನೋವಿಗೋ ಬಂದ ನಡುವಯಸ್ಸಿನ ಸ್ತ್ರೀಯನ್ನು ‘ಅಮ್ಮಾ, ರಾತ್ರಿ ಬೆವರಿ ಎಚ್ಚರವಾಗುತ್ತದೆಯೇ?’ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ದೊಡ್ಡನೆಕ್ಕುಂದಿಯಂತಹ ಸ್ಥಳಗಳಲ್ಲಿ ಆ ಪ್ರಶ್ನೆ ವಾಡಿಕೆಯಾದರೆ, ತಾನಾಗಿ ಹೇಳಿಕೊಳ್ಳಲು ಸಂಕೋಚಪಡುವ ಎಷ್ಟೋ ಮಂದಿಗೆ ಪರಿಹಾರದ ದಾರಿ ಅಲ್ಲಿಂದಲೇ ತೆರೆಯುವುದೆಂದು ನಾವು ನಂಬುತ್ತೇವೆ.