ನಕ್ಷೆಯಲ್ಲಿ ಕಾಣದ್ದು ಕಟ್ಟಡದಲ್ಲಿಯೂ ಇಲ್ಲವೇ? ಕಂಪ್ಯೂಟರ್ ಮಾದರಿಯಿಂದ ಪಡೆದ ನೆಲನಕ್ಷೆಗಳ ಪರಿಶೀಲನೆ

ಅಂಗನವಾಡಿ ಕೇಂದ್ರ, ಗ್ರಂಥಾಲಯ, ಶಾಲಾ ಕೊಠಡಿ, ಪಂಚಾಯಿತಿ ಕಾರ್ಯಾಲಯ ಮೊದಲಾದ ಕಟ್ಟಡಗಳ ನಕ್ಷೆಗಳು ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಎತ್ತುವ ಆಕ್ಷೇಪಣೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಶೌಚಾಲಯಕ್ಕೆ ಗಾಳಿಗಿಂಡಿ ತೋರಿಸಿಲ್ಲ, ನೀರಿನ ಸಂಪು ಕಾಣುತ್ತಿಲ್ಲ, ಕೆಡವಬೇಕಾದ ಹಳೆಯ ಗೋಡೆಯ ಗುರುತಿಲ್ಲ. ಇಂತಹ ಆಕ್ಷೇಪಣೆಯ ಹಿಂದೆ ಎರಡು ಸಾಧ್ಯತೆಗಳಿವೆ. ಆ ಭಾಗವನ್ನು ವಿನ್ಯಾಸದಲ್ಲಿ ನಿಜವಾಗಿಯೂ ಬಿಟ್ಟಿರಬಹುದು. ಅಥವಾ ಅದು ವಿನ್ಯಾಸದಲ್ಲಿದ್ದು, ನೆಲನಕ್ಷೆಯಲ್ಲಿ ಮಾತ್ರ ಕಾಣದೆ ಇರಬಹುದು. ಇವೆರಡರ ಪರಿಹಾರವೂ ವೆಚ್ಚವೂ ಬೇರೆ ಬೇರೆ. ಆದ್ದರಿಂದ ನಿರ್ಣಯ ಕೈಗೊಳ್ಳುವ ಮುನ್ನವೇ ಯಾವುದೆಂದು ತಿಳಿದುಕೊಳ್ಳುವುದು ಅಗತ್ಯ.

ಮಾದರಿ ಒಂದು, ನೋಟಗಳು ಹಲವು

ಹಿಂದೆ ಅಭಿಯಂತರರು ನೆಲನಕ್ಷೆ, ಛೇದನಕ್ಷೆ ಹಾಗೂ ಮುಂಭಾಗದ ನಕ್ಷೆಗಳನ್ನು ಬೇರೆ ಬೇರೆಯಾಗಿ ಗೆರೆ ಎಳೆದು ಸಿದ್ಧಪಡಿಸುತ್ತಿದ್ದರು. ರೆವಿಟ್‌ನಂತಹ ತಂತ್ರಾಂಶದಲ್ಲಿ ಹಾಗಲ್ಲ. ಗೋಡೆ, ಬಾಗಿಲು, ತೊಲೆ, ಚಾವಣಿಗಳನ್ನು ಸೇರಿಸಿ ಇಡೀ ಕಟ್ಟಡದ ಮೂರು ಆಯಾಮದ ಮಾದರಿಯನ್ನು ಮೊದಲು ನಿರ್ಮಿಸಲಾಗುತ್ತದೆ. ಎಲ್ಲ ನಕ್ಷೆಗಳೂ ಪರಿಮಾಣ ಪಟ್ಟಿಗಳೂ ಅದೊಂದೇ ಮಾದರಿಯಿಂದ ಹೊರಡುತ್ತವೆ. ಆದ್ದರಿಂದ ನೆಲನಕ್ಷೆಯು ಕೆಲವು ನಿಯಮಗಳಿಗೆ ಒಳಪಟ್ಟು ಮಾದರಿಯಿಂದ ಪಡೆದ ಒಂದು ನೋಟ ಮಾತ್ರ. ನಿಯಮ ಬದಲಾದರೆ ನೋಟವೂ ಬದಲಾಗುತ್ತದೆ. ಮಾದರಿಯಲ್ಲಿ ಏನೂ ಬದಲಾಗಿರುವುದಿಲ್ಲ.

ಕತ್ತರಿಸುವ ಎತ್ತರ

ಕುಂಬಳಕಾಯಿಯನ್ನು ಅಡ್ಡಲಾಗಿ ಕೊಯ್ದು, ಮೇಲಿನ ಹೋಳನ್ನು ತೆಗೆದಿರಿಸಿ, ಕೆಳಗಿನ ಹೋಳನ್ನು ಮೇಲಿನಿಂದ ನೋಡಿದರೆ ಏನು ಕಾಣುವುದೋ ನೆಲನಕ್ಷೆಯೂ ಅದೇ. ರೆವಿಟ್ ತಂತ್ರಾಂಶದ ಮೆಟ್ರಿಕ್ ನಮೂನೆಯಲ್ಲಿ ಈ ಕೊಯ್ತವು ಸಾಮಾನ್ಯವಾಗಿ ನೆಲಮಟ್ಟದಿಂದ 1200 ಮಿ.ಮೀ. ಎತ್ತರದಲ್ಲಿರುತ್ತದೆ, ನೋಟದ ಮೇಲಿನ ಮಿತಿ 2300 ಮಿ.ಮೀ., ಕೆಳಗಿನ ಮಿತಿ ನೆಲಮಟ್ಟವೇ ಆಗಿರುತ್ತದೆ.

ಇದರ ಪರಿಣಾಮವನ್ನು ಶೌಚಾಲಯದ ಗಾಳಿಗಿಂಡಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಗಾಳಿಗಿಂಡಿಯ ಕೆಳ ಅಂಚು ನೆಲದಿಂದ 1800 ಮಿ.ಮೀ. ಎತ್ತರದಲ್ಲಿದ್ದರೆ, 1200 ಮಿ.ಮೀ. ಎತ್ತರದಲ್ಲಿ ಕೊಯ್ದಾಗ ಅಲ್ಲಿ ಸಿಗುವುದು ಬರಿಯ ಗೋಡೆ. ಹೀಗಾಗಿ ನಕ್ಷೆಯಲ್ಲಿ ಅಖಂಡ ಗೋಡೆಯೇ ಮೂಡುತ್ತದೆ. ಕೊಯ್ತವನ್ನು ಇಡೀ ನಕ್ಷೆಗೆ ಮೇಲೇರಿಸುವುದು ಯಾವಾಗಲೂ ಸರಿಯಲ್ಲ. 2100 ಮಿ.ಮೀ. ಎತ್ತರದ ಬಾಗಿಲನ್ನೂ ದಾಟಿ ಅದನ್ನು ಏರಿಸಿದರೆ, ಬಾಗಿಲಿನ ಜಾಗದಲ್ಲಿಯೂ ಗೋಡೆಯೇ ಕಾಣುತ್ತದೆ. ಶೌಚಾಲಯದ ಭಾಗಕ್ಕೆ ಮಾತ್ರ ಬೇರೆ ಎತ್ತರವನ್ನು ನಿಗದಿಪಡಿಸುವ 'ಪ್ಲಾನ್ ರೀಜನ್' ಎಂಬ ಸೌಲಭ್ಯ ತಂತ್ರಾಂಶದಲ್ಲಿದೆ. ಅದನ್ನು ಬಳಸುವಂತೆ ಅಭಿಯಂತರರನ್ನು ಕೋರಬಹುದು.

ನೆಲದ ಕೆಳಗಿನ ಸಂಪು, ಮಲಗುಂಡಿ ಮುಂತಾದವು ಕೆಳಗಿನ ಮಿತಿಯ ಆಚೆ ಉಳಿಯುತ್ತವೆ. 'ವ್ಯೂ ಡೆಪ್ತ್' ಎಂಬ ನೋಟದ ಆಳವನ್ನು ನೆಲಮಟ್ಟದಿಂದ ಕೆಳಕ್ಕೆ ಇಳಿಸಿದಾಗ ಮಾತ್ರ ಅವು ಗೋಚರಿಸುತ್ತವೆ.

ಇಳಿಜಾರು ಹಾದಿಯ ವಿಷಯದಲ್ಲಿ ವಿಶೇಷ ಗಮನ

ಅಂಗವಿಕಲರಿಗಾಗಿ ನಿರ್ಮಿಸುವ ಇಳಿಜಾರು ಹಾದಿ, ಅಂದರೆ ರ್ಯಾಂಪ್, ಮೇಲಿನ ನಿಯಮಕ್ಕೆ ಅಪವಾದ. ನೆಲಹಾಸು, ಮೆಟ್ಟಿಲು ಹಾಗೂ ರ್ಯಾಂಪುಗಳು ಕೆಳಗಿನ ಮಿತಿಯಿಂದ ಸುಮಾರು 1.22 ಮೀಟರ್, ಅಂದರೆ 4 ಅಡಿ, ಕೆಳಗಿದ್ದರೂ ತಂತ್ರಾಂಶವು ಅವುಗಳನ್ನು ತೋರಿಸುತ್ತದೆ. ಕಟ್ಟಡದ ನೆಲವು ಭೂಮಟ್ಟದಿಂದ 450 ಮಿ.ಮೀ. ಎತ್ತರವಿದ್ದರೆ ರ್ಯಾಂಪ್ ಈ ಮಿತಿಯೊಳಗೇ ಇರುತ್ತದೆ. ಆದಕಾರಣ ನಕ್ಷೆಯಲ್ಲಿ ರ್ಯಾಂಪ್ ಕಾಣದಿದ್ದರೆ, ಕೊಯ್ತದ ಎತ್ತರದಿಂದ ಹೀಗಾಗಿದೆ ಎಂಬ ವಿವರಣೆಯನ್ನು ಒಪ್ಪಲಾಗದು. ನಕ್ಷೆಯ ಚೌಕಟ್ಟು ಅದನ್ನು ಹೊರಗಿಟ್ಟಿರಬೇಕು, ಆ ವರ್ಗವನ್ನು ಮರೆಮಾಡಿರಬೇಕು, ಇಲ್ಲವೇ ರ್ಯಾಂಪನ್ನು ವಿನ್ಯಾಸದಲ್ಲಿ ಸೇರಿಸಿಯೇ ಇರಲಿಕ್ಕಿಲ್ಲ.

1:12 ರ ಇಳಿಜಾರಿನಂತೆ 450 ಮಿ.ಮೀ. ಏರಲು 5.4 ಮೀಟರ್ ಉದ್ದದ ರ್ಯಾಂಪ್ ಬೇಕು. ಸಮತಟ್ಟಾದ ತಂಗುಜಾಗ ಇದರ ಮೇಲೆ ಪ್ರತ್ಯೇಕ. ಕಟ್ಟಡ ಮುಗಿದ ಬಳಿಕ ಇಷ್ಟು ಜಾಗವನ್ನು ಹೊಂದಿಸುವುದು ಕಷ್ಟ. ಸಾರ್ವಜನಿಕ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ವಿಧಿಸುವುದರಿಂದ ಇದು ಕೇವಲ ನಕ್ಷೆಯ ಅಂದಚಂದದ ಪ್ರಶ್ನೆಯಲ್ಲ.

ಕಾಣದಿರುವುದಕ್ಕೆ ಇತರ ಕಾರಣಗಳು

ಹಂತ: ದುರಸ್ತಿ ಹಾಗೂ ವಿಸ್ತರಣೆಯ ಕಾಮಗಾರಿಗಳಲ್ಲಿ ಪ್ರತಿಯೊಂದು ಗೋಡೆಯನ್ನೂ ಹಳೆಯದು, ಹೊಸದು ಅಥವಾ ಕೆಡವತಕ್ಕದ್ದು ಎಂದು ಗುರುತಿಸಲಾಗುತ್ತದೆ. ನಕ್ಷೆಯನ್ನು 'ಪೂರ್ಣಗೊಂಡ ಸ್ಥಿತಿ'ಗೆ ಹೊಂದಿಸಿದ್ದರೆ ಕೆಡವುವ ಗೋಡೆಗಳು ಕಾಣುವುದಿಲ್ಲ. 'ಹಳೆಯ ಸ್ಥಿತಿ'ಗೆ ಹೊಂದಿಸಿದ್ದರೆ ಹೊಸ ಕೊಠಡಿಯೇ ಕಾಣುವುದಿಲ್ಲ. ಕೆಡವುವ ಕೆಲಸಕ್ಕೂ ಅಂದಾಜಿನಲ್ಲಿ ಮೊತ್ತವಿರುವುದರಿಂದ ಅದನ್ನು ತೋರಿಸುವ ನಕ್ಷೆಯನ್ನು ಪ್ರತ್ಯೇಕವಾಗಿ ಕೇಳುವುದು ಸೂಕ್ತ.

ವಿಭಾಗ: ನೋಟವನ್ನು 'ಸ್ಟ್ರಕ್ಚರಲ್' ವಿಭಾಗಕ್ಕೆ ಹೊಂದಿಸಿದ್ದರೆ ಭಾರ ಹೊರದ ಅಡ್ಡಗೋಡೆಗಳು ಮರೆಯಾಗುತ್ತವೆ. ಗಂಡಸರ ಹಾಗೂ ಹೆಂಗಸರ ಶೌಚಾಲಯಗಳ ನಡುವಣ ಗೋಡೆ ಹೀಗೆ ಮಾಯವಾಗಿರಬಹುದು.

ಮರೆಮಾಡುವಿಕೆ: ಒಂದು ವಸ್ತುವನ್ನಾಗಲಿ ಇಡೀ ವರ್ಗವನ್ನಾಗಲಿ ಒಂದು ನಕ್ಷೆಯ ಮಟ್ಟಿಗೆ ಮರೆಮಾಡಬಹುದು. ಪರದೆಯ ಕೆಳಭಾಗದಲ್ಲಿರುವ ಬಲ್ಬಿನ ಚಿಹ್ನೆಯನ್ನು ಒತ್ತಿದರೆ ಮರೆಯಾದವು ಬೇರೆ ಬಣ್ಣದಲ್ಲಿ ತೋರುತ್ತವೆ. ನಕ್ಷೆಗೆ 'ವ್ಯೂ ಟೆಂಪ್ಲೇಟ್' ಎಂಬ ಸಿದ್ಧ ನಮೂನೆಯನ್ನು ಅನ್ವಯಿಸಿದ್ದರೆ, ಅದು ನಿಯಂತ್ರಿಸುವ ಹೊಂದಿಕೆಗಳನ್ನು ಆ ನಮೂನೆಯಲ್ಲಿಯೇ ತಿದ್ದಬೇಕಾಗುತ್ತದೆ.

ಜೋಡಿತ ಕಡತ: ನಿವೇಶನ, ಕೊಳಾಯಿ ಅಥವಾ ವಿದ್ಯುತ್ ವಿವರಗಳು ಬೇರೆ ಕಡತದಲ್ಲಿದ್ದು ಆ ಕಡತ ತೆರೆದುಕೊಳ್ಳದಿದ್ದರೆ, ಅಷ್ಟೂ ಭಾಗ ಒಮ್ಮೆಗೇ ಕಾಣೆಯಾಗುತ್ತದೆ.

ಮತ್ತೆ ಎಳೆಯುವುದರ ಅಪಾಯ

ಕಾಣದ ಕಿಟಕಿ ಇಲ್ಲವೆಂದೇ ಭಾವಿಸಿ ಅದೇ ಸ್ಥಳದಲ್ಲಿ ಇನ್ನೊಂದನ್ನು ಇರಿಸಿದರೆ ಮಾದರಿಯಲ್ಲಿ ಎರಡು ಕಿಟಕಿಗಳಾಗುತ್ತವೆ. ಪರಿಮಾಣ ಪಟ್ಟಿ ಮಾದರಿಯಿಂದಲೇ ಬರುವುದರಿಂದ ಲೆಕ್ಕವೂ ಎರಡಾಗುತ್ತದೆ. ಒಂದೇ ಜಾಗದಲ್ಲಿ ಒಂದೇ ಬಗೆಯ ಎರಡು ವಸ್ತುಗಳಿದ್ದರೆ ತಂತ್ರಾಂಶವು ಎಚ್ಚರಿಸುತ್ತದೆ; ಆದರೆ ಆ ಎಚ್ಚರಿಕೆ ಅಭಿಯಂತರರ ಪರದೆಯಲ್ಲಿರುತ್ತದೆಯೇ ಹೊರತು ಸಭೆಗೆ ಬರುವ ಹಾಳೆಯಲ್ಲಲ್ಲ. ಅದೇ ಪಟ್ಟಿಯ ಮೇಲೆ ಅಂದಾಜು ತಯಾರಾದರೆ ಪಂಚಾಯಿತಿಯ ನಿಧಿಯಲ್ಲಿ ಇಲ್ಲದ ಕಿಟಕಿಗೂ ಮೊತ್ತ ಮೀಸಲಾಗುತ್ತದೆ. ಆದ್ದರಿಂದ ನಿರ್ಣಯದಲ್ಲಿ "ಗಾಳಿಗಿಂಡಿ ಸೇರಿಸುವುದು" ಎಂದು ಬರೆಯುವ ಮೊದಲು ಅದು ಮಾದರಿಯಲ್ಲಿ ಇದೆಯೇ ಎಂದು ವಿಚಾರಿಸತಕ್ಕದ್ದು.

ಮುದ್ರಿತ ಹಾಳೆಯ ಅಳತೆ

ಎ1 ಹಾಳೆಗೆ 1:100 ಪ್ರಮಾಣದಲ್ಲಿ ಸಿದ್ಧಪಡಿಸಿದ ಪಿಡಿಎಫ್ ಅನ್ನು ಎ3 ಹಾಳೆಗೆ ಹೊಂದುವಂತೆ ಮುದ್ರಿಸಿದರೆ ಪ್ರಮಾಣ 1:200 ಆಗುತ್ತದೆ. 1 ಮೀಟರ್ ಉದ್ದವು 10 ಮಿ.ಮೀ. ಬದಲು 5 ಮಿ.ಮೀ. ಆಗಿ ಕಾಣುತ್ತದೆ, ತೆಳುವಾದ ಗೆರೆಗಳು ಅಳಿಸಿಹೋದಂತೆ ತೋರುತ್ತವೆ. ಹಾಳೆಯ ಮೇಲೆ ಪಟ್ಟಿಯಿಟ್ಟು ಅಳೆಯದೆ, ನಕ್ಷೆಯಲ್ಲಿ ಬರೆದಿರುವ ಅಳತೆಯನ್ನೇ ಆಧಾರವಾಗಿ ತೆಗೆದುಕೊಳ್ಳಬೇಕು.

ಸಭೆಯಲ್ಲಿ ಅನುಸರಿಸಬಹುದಾದ ಕ್ರಮ

1. ಕಾಣದ ಭಾಗವನ್ನು ಮೂರು ಆಯಾಮದ ನೋಟದಲ್ಲಿ ತೋರಿಸುವಂತೆ ಅಭಿಯಂತರರನ್ನು ಕೇಳುವುದು. ಅಲ್ಲಿ ಕಂಡರೆ ದೋಷವಿರುವುದು ನೆಲನಕ್ಷೆಯ ಹೊಂದಿಕೆಯಲ್ಲಿ.

2. ಅಲ್ಲಿಯೂ ಕಾಣದಿದ್ದರೆ ಮರೆಮಾಡುವಿಕೆ, ಹಂತ ಹಾಗೂ ಜೋಡಿತ ಕಡತಗಳನ್ನು ಪರಿಶೀಲಿಸಲು ಕೋರುವುದು. ಪರಿಮಾಣ ಪಟ್ಟಿಯಲ್ಲಿ ಅದರ ಸಂಖ್ಯೆಯನ್ನೂ ನೋಡುವುದು.

3. ನೋಟದಲ್ಲಿಯೂ ಪಟ್ಟಿಯಲ್ಲಿಯೂ ಇಲ್ಲವೆಂದು ಖಚಿತವಾದರೆ ಅದನ್ನು ವಿನ್ಯಾಸದ ಲೋಪವೆಂದು ಪರಿಗಣಿಸಿ ಸೇರಿಸುವಂತೆ ನಡವಳಿಯಲ್ಲಿ ದಾಖಲಿಸುವುದು.

4. ನೆಲನಕ್ಷೆಯ ಜೊತೆಗೆ ಶೌಚಾಲಯದ ಮೂಲಕ ಹಾಯುವ ಒಂದು ಛೇದನಕ್ಷೆಯನ್ನು ಪಡೆಯುವುದು. ಎತ್ತರದ ವಿಚಾರಗಳು ಅದರಲ್ಲಿಯೇ ಸ್ಪಷ್ಟವಾಗುತ್ತವೆ.

5. ಅನುಮೋದಿಸುವಾಗ ನಕ್ಷೆಯ ಸಂಖ್ಯೆ ಹಾಗೂ ಪರಿಷ್ಕರಣೆಯ ದಿನಾಂಕವನ್ನು ನಡವಳಿಯಲ್ಲಿ ನಮೂದಿಸುವುದು.

"ಮಾದರಿಯಲ್ಲಿ ಇದೆ" ಎಂಬ ಉತ್ತರ ದೊರೆತ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಮಾದರಿ ಅಭಿಯಂತರರ ಕಂಪ್ಯೂಟರಿನಲ್ಲಿರುತ್ತದೆ. ಗೋಡೆ ಕಟ್ಟುವ ಗಾರೆ ಕೆಲಸದವರ ಕೈಯಲ್ಲಿರುವುದು ಮುದ್ರಿತ ಹಾಳೆ. ಅಲ್ಲಿ ಅಖಂಡ ಗೋಡೆ ಕಂಡರೆ ಅವರು ಅಖಂಡ ಗೋಡೆಯನ್ನೇ ಕಟ್ಟುತ್ತಾರೆ. ಆಮೇಲೆ ಗಾಳಿಗಿಂಡಿಗಾಗಿ ಗೋಡೆ ಒಡೆಯಬೇಕಾಗುತ್ತದೆ. ಆದಕಾರಣ ಇರುವುದನ್ನು ಮತ್ತೆ ಸೇರಿಸದೆ, ಇರುವುದು ಕಾಣುವಂತೆ ಹೊಂದಿಕೆಯನ್ನು ಸರಿಪಡಿಸಿದ ಹಾಳೆ ಬಂದ ಮೇಲೆಯೇ ಸಭೆಯು ಅನುಮೋದನೆ ನೀಡುವುದು ಉಚಿತ.