ಕಸದ ಬುಟ್ಟಿಯಲ್ಲಿನ ಕಿಡಿ

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನು ತನ್ನ ಪವರ್ ಬ್ಯಾಂಕನ್ನು ವಿಮಾನದ ಸರಕಿನೊಡನೆ ಕಳುಹಿಸುವಂತಿಲ್ಲ, ಕೈಚೀಲದಲ್ಲಿಯೇ ಒಯ್ಯತಕ್ಕದ್ದು. ಯಾರ ಕಣ್ಣಿಗೂ ಬೀಳದ ಸ್ಥಳದಲ್ಲಿ ಅದು ಹೊತ್ತಿಕೊಂಡರೆ ಅನಾಹುತವಾದೀತೆಂಬುದೇ ಈ ನಿಯಮಕ್ಕೆ ಕಾರಣ. ಅದೇ ಮಹಾಶಯನು ಮನೆಗೆ ಹಿಂದಿರುಗಿದ ಮೇಲೆ, ಉಬ್ಬಿದ ಹಳೆಯ ಬ್ಯಾಟರಿಯನ್ನು ತರಕಾರಿ ಸಿಪ್ಪೆಯೊಡನೆ ಕಸದ ಬುಟ್ಟಿಗೆ ಎಸೆಯುತ್ತಾನೆ. ವಿಮಾನದಲ್ಲಿ ಸಲ್ಲದ ಅಜಾಗರೂಕತೆಯು ಬೀದಿಯಲ್ಲಿ ಹೇಗೆ ಸಲ್ಲುವುದೆಂದು ನಾವು ಕೇಳಬೇಕಾಗಿದೆ.

ಲಿಥಿಯಂ ಬ್ಯಾಟರಿಯ ಗುಣವನ್ನರಿತವರಿಗೆ ಇದು ಅತಿಶಯೋಕ್ತಿಯೆನಿಸದು. ಅದರೊಳಗಿನ ಎರಡು ಧ್ರುವಗಳನ್ನು ತೆಳುವಾದ ಪೊರೆಯೊಂದು ಬೇರ್ಪಡಿಸಿರುತ್ತದೆ. ನಡುವೆ ಸುಲಭವಾಗಿ ಉರಿಯುವ ದ್ರವವಿರುತ್ತದೆ. ಜಜ್ಜಿದರೆ, ಚುಚ್ಚಿದರೆ ಪೊರೆ ಹರಿದು, ಶಾಖವು ಶಾಖವನ್ನೇ ಹೆಚ್ಚಿಸುತ್ತ ಒಂದು ಕೋಶದಿಂದ ಮತ್ತೊಂದಕ್ಕೆ ಹಬ್ಬುವುದು. ಆರಿತೆಂದು ತೋರಿದ ಬೆಂಕಿಯು ಗಂಟೆಗಳ ಬಳಿಕ ಮರಳಿ ಹೊತ್ತುವುದುಂಟು. ಕಸವನ್ನು ಅದುಮಿ ತುಂಬುವ ಲಾರಿಯಲ್ಲಿ ಜಜ್ಜುವಿಕೆಯು ನಿತ್ಯದ ಮಾತು. ಅದರ ಬಳಿ ನಿಲ್ಲುವವನು ಪೌರಕಾರ್ಮಿಕನು.

ಮನೆಯೊಳಗಿನ ಅಪಾಯವೂ ಅಲ್ಪವಲ್ಲ. 2022ರ ಮಾರ್ಚಿಯಲ್ಲಿ ನೆರೆಯ ತಮಿಳುನಾಡಿನ ವೇಲೂರಿನಲ್ಲಿ, ರಾತ್ರಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಸ್ಕೂಟರು ಹೊತ್ತಿ, ತಂದೆ ಮಗಳಿಬ್ಬರೂ ಹೊಗೆಯಿಂದ ಉಸಿರುಗಟ್ಟಿ ಮೃತರಾದರು. ಮಗ್ಗ, ನೂಲು, ವಾಸ ಮೂರೂ ಒಂದೇ ಸೂರಿನಡಿಯಲ್ಲಿರುವ ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಇಂಥ ಕಿಡಿಯೊಂದು ಬಿದ್ದರೆ ಗತಿಯೇನು?

2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಬಳಸಿದ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸಕೂಡದೆಂದು ಗೃಹಸ್ಥನಿಗೂ, ಅವುಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ತಯಾರಕರಿಗೂ ವಿಧಿಸಿವೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆಯು 2005ರಲ್ಲಿಯೇ ಇಲೆಕ್ಟ್ರಾನಿಕ್ ಕಸದ ಸಂಸ್ಕರಣೆಯನ್ನಾರಂಭಿಸಿತು. ಆದುದರಿಂದ ಈ ವಿದ್ಯೆ ನಮಗೆ ಹೊಸದೆಂದು ಹೇಳುವಂತಿಲ್ಲ. ಬೆಂಗಳೂರಿನ ಕಸವನ್ನು ಹೊತ್ತು ನೊಂದ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳ ಸೀಮೆಗೆ, ಬೆರೆತ ಕಸದ ಫಲವೇನೆಂದು ಹೇಳಬೇಕಾದುದೂ ಇಲ್ಲ.

ಆದರೆ ನಿಯಮವು ಕಾಗದದಲ್ಲಿದ್ದು, ಹಳೆಯ ಬ್ಯಾಟರಿಯನ್ನು ಒಪ್ಪಿಸುವ ಸ್ಥಳವು ಗೃಹಸ್ಥನ ಕಾಲ್ನಡಿಗೆಗೆ ಎಟುಕದಿದ್ದರೆ, ತಪ್ಪನ್ನು ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಪೌರಾಡಳಿತದವರು ವಾರ್ಡಿಗೊಂದು ಸಂಗ್ರಹ ಸ್ಥಳವನ್ನೇರ್ಪಡಿಸಿ, ಮೊಬೈಲು ಮಾರುವ ಅಂಗಡಿಗಳನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ವಾಚಕರು ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ ಬೇರೆಯಾಗಿಡಲಿ. ಉಬ್ಬಿದುದನ್ನು ಚಾರ್ಜಿಗೆ ಹಾಕದಿರಲಿ. ಮಲಗುವ ಕೋಣೆಯಲ್ಲಿಯೂ ಹೊರಬಾಗಿಲ ದಾರಿಯಲ್ಲಿಯೂ ಸ್ಕೂಟರಿಗೆ ವಿದ್ಯುತ್ ತುಂಬದಿರಲಿ. ನಾವು ಎಸೆದ ಕಿಡಿಯನ್ನು ಪೌರಕಾರ್ಮಿಕನು ಬರಿಗೈಯಲ್ಲಿ ಎತ್ತುವಂತಾಗಕೂಡದು.