ಡೆಂಗ್ಯೂ ಲಸಿಕೆ: ಚುಚ್ಚಿದ ಮೇಲೆ ದೇಹದಲ್ಲಿ ನಡೆಯುವುದೇನು?

ಬಳ್ಳಾರಿ: ಭತ್ತದ ಗದ್ದೆಗಳ ನಡುವೆ ಇರುವ ಸಿರುಗುಪ್ಪ ತಾಲೂಕಿಗೆ, ಅದರಲ್ಲೂ ರಾರಾವಿಯಂತಹ ಗ್ರಾಮಗಳಿಗೆ ಸೊಳ್ಳೆ ಹೊಸ ಶತ್ರುವೇನಲ್ಲ. ಗದ್ದೆಯ ನೀರಿನ ಸೊಳ್ಳೆ ಜಪಾನೀಸ್ ಮೆದುಳು ಜ್ವರ ಹರಡಿದರೆ, ಮನೆಯ ಡ್ರಮ್ಮು, ಬಾನಿಗಳಲ್ಲಿ ಹುಟ್ಟುವ ಈಡಿಸ್ ಸೊಳ್ಳೆ ಡೆಂಗ್ಯೂ ಹರಡುತ್ತದೆ.

ಮೆದುಳು ಜ್ವರಕ್ಕೆ ಲಸಿಕೆ ಬಂದು ಬಹಳ ಕಾಲವಾಯಿತು. 2006ರಲ್ಲಿ ದೇಶದಲ್ಲಿ ಅಭಿಯಾನ ಆರಂಭವಾದಾಗ ಮೊದಲ ಹಂತದಲ್ಲೇ ಬಳ್ಳಾರಿ ಜಿಲ್ಲೆಯ ಮಕ್ಕಳಿಗೆ ಅದನ್ನು ನೀಡಲಾಯಿತು. ಅದರಲ್ಲಿದ್ದುದು ಬಲಗುಂದಿಸಿದ ಜೀವಂತ ವೈರಾಣು. ಡೆಂಗ್ಯೂ ವೈರಾಣುವೂ ಅದೇ ಕುಟುಂಬಕ್ಕೆ ಸೇರಿದ್ದು. ಹಾಗಿದ್ದೂ ಡೆಂಗ್ಯೂ ಲಸಿಕೆಯ ಹಾದಿ ಇಷ್ಟು ದುರ್ಗಮವಾದದ್ದೇಕೆ? 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಯಿತು.

ಜೀವಂತ ಲಸಿಕೆ ದೇಹದಲ್ಲಿ ಸುಮ್ಮನೆ ಕೂರುವುದಿಲ್ಲ, ಬೆಳೆಯುತ್ತದೆ. ಚರ್ಮದ ಕೆಳಗೆ ಸೇರಿದ ವೈರಾಣುವನ್ನು ಅಲ್ಲಿನ ಕಾವಲು ಜೀವಕೋಶಗಳು ಹಿಡಿದು ಸಮೀಪದ ದುಗ್ಧಗ್ರಂಥಿಗೆ ಒಯ್ಯುತ್ತವೆ. ವೈರಾಣು ಮಿತವಾಗಿ ವೃದ್ಧಿಯಾಗಿ, ಬಹುತೇಕ ಎರಡನೇ ವಾರದ ಹೊತ್ತಿಗೆ ಅಲ್ಪ ಪ್ರಮಾಣದಲ್ಲಿ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಪ್ರತಿಕಾಯಗಳು ಸಿದ್ಧವಾಗಿ ಅದನ್ನು ಅಳಿಸಿಹಾಕುತ್ತವೆ. ಆ ಪಾಠದ ನೆನಪು ಮಾತ್ರ ಉಳಿಯುತ್ತದೆ.

ಮೆದುಳು ಜ್ವರದ ಲಸಿಕೆಗೆ ಕಲಿಸಬೇಕಾದದ್ದು ಒಂದೇ ಪಾಠ. ಡೆಂಗ್ಯೂವಿನಲ್ಲಿ ನಾಲ್ಕು ಬಗೆಗಳಿವೆ. ನಾಲ್ಕನ್ನೂ ಒಟ್ಟಿಗೆ ಚುಚ್ಚಿದಾಗ ಒಂದು ಮುನ್ನುಗ್ಗಿ, ಉಳಿದವು ಹಿಂದೆ ಬಿದ್ದರೆ ಆ ಬಗೆಗಳ ವಿರುದ್ಧ ದೊರೆಯುವುದು ಅರೆಬರೆ ರಕ್ಷಣೆ. ಅರೆಬರೆ ಪ್ರತಿಕಾಯ ಇಲ್ಲದಿರುವುದಕ್ಕಿಂತಲೂ ಅಪಾಯಕಾರಿ ಆಗಬಲ್ಲದು. ಅದು ವೈರಾಣುವಿಗೆ ಅಂಟಿಕೊಂಡರೂ ನಾಶಪಡಿಸದೆ, ಜೀವಕೋಶದೊಳಗೆ ನುಗ್ಗಲು ಮೆಟ್ಟಿಲಾಗುತ್ತದೆ.

ಫಿಲಿಪ್ಪೀನ್ಸ್ ಇದಕ್ಕೆ ಬೆಲೆ ತೆತ್ತಿತು. 2016ರಲ್ಲಿ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಸನೋಫಿ ಕಂಪನಿಯ ಡೆಂಗ್ವಾಕ್ಸಿಯಾ ನೀಡುವ ಕಾರ್ಯಕ್ರಮ ಆರಂಭವಾಯಿತು. ಮೊದಲು ಡೆಂಗ್ಯೂ ತಗುಲದವರಿಗೆ ಲಸಿಕೆಯ ನಂತರ ರೋಗ ಬಂದರೆ ಅದು ತೀವ್ರವಾಗಬಹುದೆಂದು 2017ರ ನವೆಂಬರ್‌ನಲ್ಲಿ ಕಂಪನಿಯೇ ತಿಳಿಸಿತು. ಲಸಿಕೆಯನ್ನೇ ದೇಹವು ಮೊದಲ ಸೋಂಕೆಂದು ಲೆಕ್ಕ ಹಾಕಿತ್ತು. ಡೆಂಗ್ಯೂವಿನಲ್ಲಿ ಎರಡನೆಯ ಸೋಂಕೇ ಹೆಚ್ಚು ಘೋರ. ಅಲ್ಲಿ ಕಾರ್ಯಕ್ರಮ ನಿಂತಿತು. ಇತರ ಲಸಿಕೆಗಳ ಮೇಲಿನ ಜನರ ನಂಬಿಕೆಯೂ ಕುಸಿಯಿತು.

ಜಪಾನಿನ ಟಕೇಡಾ ಕಂಪನಿಯ ಕ್ಯುಡೆಂಗಾದಲ್ಲಿ ಎರಡನೇ ಬಗೆಯ ವೈರಾಣುವೇ ಬೆನ್ನೆಲುಬು. ರಕ್ತದಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಿಡಿದ ದಾರಿ ಬೇರೆ. ವೈರಾಣುವಿನ ಆರ್‌ಎನ್‌ಎಯ ತುದಿಯಲ್ಲಿ ಮುಖ್ಯವಾಗಿ 30 ಅಕ್ಷರಗಳಷ್ಟು ಭಾಗ ತೆಗೆದು, ನಾಲ್ಕೂ ಬಗೆಗಳು ಸಮತೂಕದಲ್ಲಿ ಬೆಳೆಯುವಂತೆ ಮಾಡುವ ಯತ್ನ ಅದು. ಪ್ರಯೋಗಕ್ಕೆ ಒಳಗಾದ ಅನೇಕರಲ್ಲಿ ತುಸು ಗುಳ್ಳೆ ಎದ್ದವು. ನೋಡುವವರಿಗೆ ಗಾಬರಿ, ವಿಜ್ಞಾನಿಗಳಿಗೆ ಅದು ಲಸಿಕೆ 'ಹಿಡಿದ' ಲಕ್ಷಣ! ಆರು ತಿಂಗಳ ನಂತರ 21 ಮಂದಿಗೆ ಉದ್ದೇಶಪೂರ್ವಕವಾಗಿ ಎರಡನೇ ಬಗೆಯ ವೈರಾಣು ಚುಚ್ಚಿದರೂ ಒಬ್ಬರ ರಕ್ತದಲ್ಲೂ ಅದು ಕಾಣಲಿಲ್ಲ. ಲಸಿಕೆ ಪಡೆಯದ 20 ಮಂದಿಯಲ್ಲೂ ಕಂಡಿತು. 2016ರಲ್ಲಿ ಪ್ರಕಟವಾದ ಫಲಿತಾಂಶವಿದು.

ಇದೇ ತಳಿಗಳನ್ನು ಆಧರಿಸಿದ ಪ್ಯಾನಸಿಯಾ ಬಯೋಟೆಕ್‌ನ 'ಡೆಂಗಿಆಲ್' ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು ಐಸಿಎಂಆರ್ 2024ರ ಆಗಸ್ಟ್‌ನಲ್ಲಿ ಆರಂಭಿಸಿತು. 10,335 ವಯಸ್ಕರ ಮೇಲೆ ಎರಡು ವರ್ಷಗಳ ನಿಗಾ ಅದರ ಯೋಜನೆ. ಇಷ್ಟು ದೀರ್ಘ ನಿಗಾ ಏಕೆಂಬುದಕ್ಕೆ ಫಿಲಿಪ್ಪೀನ್ಸ್‌ನ ಕಥೆಯೇ ಉತ್ತರ.

ಲಸಿಕೆ ಪಡೆದವರನ್ನು ಕಚ್ಚಿದ ಸೊಳ್ಳೆ ಮತ್ತೊಬ್ಬರಿಗೆ ರೋಗ ಹರಡೀತೇ? ರಕ್ತದಲ್ಲಿನ ವೈರಾಣು ಪ್ರಮಾಣ ಅತ್ಯಲ್ಪವಾದ್ದರಿಂದ ಆ ಸಾಧ್ಯತೆ ತೀರಾ ಕಡಿಮೆ. ಆದರೆ ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಜೀವಂತ ಲಸಿಕೆ ಸಲ್ಲದು. ಚುಚ್ಚಿಸಿಕೊಂಡ ಕೆಲವು ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಆ ವಿಷಯ ತಿಳಿಸಲೇಬೇಕು. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳೂ ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಎಂದೇ ತೋರಬಹುದು.